ದಿನಾ ಓದುವ ಅಭ್ಯಾಸ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಿಂದ ಬೆಂಗಳೂರಿಗೆ ಹನ್ನೊಂದು ವರ್ಷ ರೈಲಿನಲ್ಲಿ ಓಡಾಡಿದ್ದೇನೆ. ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ ಇರುತ್ತಿತ್ತು. ಅದನ್ನು ನೋಡಿ ಪಕ್ಕದಲ್ಲಿ ಕೂತವರು ಮಾತು ತೆಗೆಯುತ್ತಿದ್ದರು. ಈಗ ನಮ್ಮ ಬಡಾವಣೆಯಲ್ಲಿ ಭಾನುವಾರ ಸಂಜೆ ಹತ್ತು ಹನ್ನೆರಡು ಮಂದಿ ಸೇರಿ ಓದುತ್ತೇವೆ. ರೈಲಿನಲ್ಲಿ, ಆ ಭಾನುವಾರಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ನೆಂಟರ ಮನೆಗಳಲ್ಲಿ, ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವವರಿಗೆ

“ಓದಬೇಕು ಅಂತ ಆಸೆ ಇದೆ, ಟೈಮೇ ಸಿಗಲ್ಲ. ನೀವೆಲ್ಲ ಯಾವಾಗ ಓದ್ತೀರಿ?”

ಮನೆ, ಕೆಲಸ, ಮಕ್ಕಳು ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಓದೋಣ ಅಂದುಕೊಂಡರೆ ಆ ಹೊತ್ತು ಯಾವತ್ತೂ ಉಳಿಯುವುದಿಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸ ಹುಡುಕಿ. ಓದನ್ನು ಅದರ ಬೆನ್ನಿಗೆ ಕಟ್ಟಿ. “ಬೆಳಿಗ್ಗೆ ಓದ್ತೀನಿ” ಅಂದರೆ ಸಾಲದು. “ಕಾಫಿ ಲೋಟ ಕೆಳಗಿಟ್ಟ ಮೇಲೆ ಓದ್ತೀನಿ” ಅನ್ನಬೇಕು.

ಗೌರಿಬಿದನೂರು ಕಡೆ ಇರುವ ನಮ್ಮ ಚಿಕ್ಕಮ್ಮ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುತ್ತಾರೆ. ಬಂದು ಖಾಲಿ ಕ್ಯಾನು ತೊಳೆದು ಜಗಲಿ ಅಂಚಿಗೆ ಬೋರಲು ಹಾಕುತ್ತಾರೆ. ಅದರ ನೀರು ಸೋರಿ ಒಣಗುವಷ್ಟು ಹೊತ್ತು ಅಲ್ಲೇ ಕೂತು ಓದುತ್ತಾರೆ. ಪುಸ್ತಕ ಕಿಟಕಿ ಸರಳಿಗೆ ನೇತುಹಾಕಿದ ಬಟ್ಟೆ ಚೀಲದಲ್ಲಿ ಇರುತ್ತದೆ. ಅದಕ್ಕಾಗಿ ಒಳಗೆ ಹೋಗಬೇಕಿಲ್ಲ. “ಒಳಗೆ ಕಾಲಿಟ್ರೆ ಮುಗೀತು, ಒಲೆ ಕರೆಯುತ್ತೆ” ಅನ್ನುತ್ತಾರೆ. ಆರು ವರ್ಷದಿಂದ ಹೀಗೇ ನಡೆದಿದೆ. ಎಷ್ಟು ಹೊತ್ತು ಓದ್ತೀರಿ ಅಂತ ಕೇಳಿದರೆ ಅವರು ನಿಮಿಷದ ಲೆಕ್ಕ ಹೇಳುವುದಿಲ್ಲ. “ಕ್ಯಾನು ಒಣಗೋವರೆಗೂ” ಅನ್ನುತ್ತಾರೆ.

“ದಿನಕ್ಕೆ ಎಷ್ಟು ಪುಟ ಓದಬೇಕು?”

ಎರಡು. ಮನಸ್ಸಿದ್ದರೆ ಜಾಸ್ತಿ ಓದಿ, ಆದರೆ ಕಟ್ಟುಪಾಡು ಎರಡು ಪುಟಕ್ಕೆ ಮಾತ್ರ ಇರಲಿ. ಜ್ವರ ಬಂದ ದಿನ, ಮನೆಗೆ ನೆಂಟರು ಬಂದ ದಿನ, ಆಫೀಸಿನಲ್ಲಿ ಬೈಸಿಕೊಂಡು ಬಂದ ದಿನವೂ ಎರಡು ಪುಟ ಆಗುತ್ತದೆ. ಐವತ್ತು ಪುಟ ಅಂತ ಇಟ್ಟುಕೊಂಡವರು ಒಂದು ವಾರ ಹುರುಪಿನಲ್ಲಿ ಓದಿ, ಎಂಟನೇ ದಿನ ಸೋತು, ಆಮೇಲೆ ಪುಸ್ತಕದ ಮುಖ ನೋಡುವುದಕ್ಕೂ ಬೇಜಾರು ಮಾಡಿಕೊಂಡಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಲೆಕ್ಕ ಬೇಕು ಅನ್ನುವವರಿಗೆ: ದಿನಕ್ಕೆ ಎರಡು ಪುಟ ಅಂದರೆ ವರ್ಷಕ್ಕೆ 730 ಪುಟ, ಮೂರೋ ನಾಲ್ಕೋ ಪುಸ್ತಕ. ಹತ್ತು ಪುಟಕ್ಕೆ ಏರಿದರೆ 3650. ಅಂದರೆ 200 ಪುಟದ ಹದಿನೆಂಟು ಪುಸ್ತಕ.

“21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗುತ್ತಂತೆ, ನಿಜಾನಾ?”

ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಹಿಡಿಯುತ್ತದೆ ಅಂತ ಅವರು 1960ರಲ್ಲಿ ಬರೆದರು. “ಕಡಿಮೆ ಅಂದರೂ” ಅನ್ನುವುದು ಬಾಯಿಂದ ಬಾಯಿಗೆ ಬರುವಾಗ ಬಿದ್ದುಹೋಯಿತು.

ಅಭ್ಯಾಸವನ್ನೇ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರು. 96 ಜನ ತಮಗೆ ಇಷ್ಟವಾದ ಒಂದು ಹೊಸ ಅಭ್ಯಾಸ ಆರಿಸಿಕೊಂಡು 12 ವಾರ ದಿನಾ ಬರೆದಿಟ್ಟರು. ಅದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದವರೆಗೂ ಹಿಡಿಯಬಹುದು ಅಂತ ಲೆಕ್ಕ ಬಂತು. ಅದರಲ್ಲೇ ಇನ್ನೊಂದು ಸಮಾಧಾನದ ವಿಷಯ ಇದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಹಾಗಾಗಿ 22ನೇ ದಿನ ಇನ್ನೂ ಕಷ್ಟ ಅನ್ನಿಸುತ್ತಿದ್ದರೆ ನಿಮ್ಮಲ್ಲಿ ಕೊರತೆ ಇದೆ ಅಂದುಕೊಳ್ಳಬೇಡಿ. ಅರ್ಧ ದಾರಿಯೂ ಆಗಿಲ್ಲ ಅಷ್ಟೇ.

“ಮೊದಲು ಯಾವ ಪುಸ್ತಕ ಹಿಡೀಲಿ?”

ತೆಳ್ಳಗಿರುವುದು, ಅಕ್ಷರ ದೊಡ್ಡದಿರುವುದು, ಮೂರನೇ ಪುಟಕ್ಕೇ ನಾಲ್ಕನೆಯದರಲ್ಲಿ ಏನಾಗುತ್ತೋ ಅಂತ ಅನ್ನಿಸುವುದು. ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತೇ ಮೂರು ಪುಟ ಓದಿ ನೋಡಿ. ದೊಡ್ಡವರು ಹೊಗಳಿದ್ದಾರೆ ಅನ್ನುವುದು ಮೊದಲ ಪುಸ್ತಕಕ್ಕೆ ಕಾರಣ ಆಗಬಾರದು.

ಸಣ್ಣಕತೆಗಳ ಪುಸ್ತಕ ಒಳ್ಳೆಯದು. ಒಂದು ಕತೆ ಒಂದೋ ಎರಡೋ ದಿನಕ್ಕೆ ಮುಗಿಯುತ್ತದೆ, ಮುಗಿಸಿದ ಖುಷಿ ಬೇಗ ಸಿಗುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಗಳನ್ನು ನಾನು ಹೊಸಬರ ಕೈಗೆ ಕೊಡುತ್ತೇನೆ. ಮನೆಯ ಹಿರಿಯರು ಎದುರು ಕೂತು ಹೇಳಿದ ಹಾಗಿರುತ್ತವೆ. ಇನ್ನೂ ಚಿಕ್ಕದು ಬೇಕೆಂದರೆ ಮುಳಬಾಗಿಲಿನ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ ಇದೆ. 1943ರಲ್ಲಿ ಬಂದದ್ದು. ನಾಲ್ಕು ನಾಲ್ಕು ಸಾಲಿನ 945 ಪದ್ಯ. ದಿನಕ್ಕೊಂದು ಪದ್ಯ ಅಂದರೂ ಎರಡೂವರೆ ವರ್ಷಕ್ಕೆ ಆಗುತ್ತದೆ. ಆದರೆ ಅದರ ಭಾಷೆ ಸ್ವಲ್ಪ ಬಿಗಿ, ಅರ್ಥ ಕೊಟ್ಟಿರುವ ಪ್ರತಿ ತೆಗೆದುಕೊಳ್ಳಿ.

“ನಮ್ಮನೇಲಿ ತೆಲುಗು. ಮಾತಾಡೋಕೆ ಕನ್ನಡ ಬರುತ್ತೆ, ಓದೋಕೆ ಕೂತ್ರೆ ತುಂಬಾ ನಿಧಾನ. ನಾಚಿಕೆ ಆಗುತ್ತೆ.”

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಇತ್ತ ಪಾವಗಡ. ಈ ಕಡೆಯವರು ಎಷ್ಟೋ ಜನ ನನಗೆ ಇದನ್ನೇ ಹೇಳಿದ್ದಾರೆ, ಅದೂ ದನಿ ತಗ್ಗಿಸಿ. ನಾಚಿಕೆ ಯಾಕೆ? ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಅಂತ ಮೂರು ಮಾತು ಇಟ್ಟುಕೊಂಡು ಬೆಳೆದವರು ನೀವು. ಮಾಸ್ತಿಯವರ ಮನೆಮಾತು ತಮಿಳು. ಅವರೇ ಕನ್ನಡಕ್ಕೆ 1983ರ ಜ್ಞಾನಪೀಠ ತಂದುಕೊಟ್ಟರು.

ಓದಿನ ಈ ನಿಧಾನ ಕಳೆಯಬೇಕೆಂದರೆ ಬಾಯಿ ಬಿಟ್ಟು ಓದಿ. ನಿಮ್ಮ ಕಿವಿಗೆ ಕನ್ನಡ ಚೆನ್ನಾಗಿ ಗೊತ್ತಿದೆ, ಕಣ್ಣಿಗೆ ಮಾತ್ರ ರೂಢಿ ಇಲ್ಲ. ಗಟ್ಟಿಯಾಗಿ ಓದಿದಾಗ ಕಿವಿ ಕಣ್ಣಿಗೆ ಕೈ ಹಿಡಿದು ದಾರಿ ತೋರಿಸುತ್ತದೆ. ಮಾತುಕತೆ ಜಾಸ್ತಿ ಇರುವ ಕತೆ, ನಾಟಕ ಆರಿಸಿಕೊಳ್ಳಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ವಾಕ್ಯ ಮುಗಿಸಿ. ಮೂರನೇ ಸಲ ಆ ಪದ ಎದುರಾದಾಗ ಅರ್ಥ ತಾನೇ ಹೊಳೆದಿರುತ್ತದೆ. ತೆಲುಗು ಅಕ್ಷರ ಬಲ್ಲವರಾದರೆ ಇನ್ನೂ ಸಲೀಸು, ಎರಡೂ ಲಿಪಿ ಅಕ್ಕತಂಗಿಯರ ಹಾಗೆ. ತೆಲುಗಿನಲ್ಲೇ ಓದಲು ಮನಸ್ಸಾದರೆ ಅದನ್ನೂ ಓದಿ. ಓದಿನ ಅಭ್ಯಾಸ ಯಾವ ಭಾಷೆಯಿಂದ ಶುರುವಾದರೂ ಅಭ್ಯಾಸವೇ.

“ಪುಸ್ತಕಕ್ಕೆ ಅಷ್ಟೊಂದು ದುಡ್ಡು ಹಾಕೋಕಾಗಲ್ಲ. ಎಲ್ಲಿ ಸಿಗುತ್ತೆ?”

ಮೊದಲು ಲೈಬ್ರರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಕೇಂದ್ರ ಗ್ರಂಥಾಲಯ ಇದೆ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿರುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಸೆಸ್ ಹೋಗುತ್ತದೆ. ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲೇ ನಮೂದಾಗಿರುತ್ತದೆ. ಅಂದರೆ ಆ ಕಪಾಟಿನ ಪುಸ್ತಕಗಳಿಗೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು ಬನ್ನಿ.

ಕೊಳ್ಳುವುದಾದರೆ ನವೆಂಬರ್‌ವರೆಗೆ ಕಾಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಕ್ಕೆ ತುಂಬಾ ಕಡೆ ರಿಯಾಯಿತಿ ಇರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ವರ್ಷವಿಡೀ ಕಡಿಮೆ ಬೆಲೆಗೇ ಸಿಗುತ್ತವೆ.

## ಶುರುವಾಗಿದೆ, ಆದರೆ ಉಳಿಯುತ್ತಿಲ್ಲ

“ಎರಡು ಪುಟ ಓದೋಷ್ಟರಲ್ಲಿ ನಿದ್ದೆ ಬಂದ್ಬಿಡುತ್ತೆ.”

ಮಲಗಿ ಓದಬೇಡಿ. ಮುದ್ದೆ ಉಂಡ ಕೂಡಲೇ ಓದಬೇಡಿ. ಇಷ್ಟು ಬದಲಾಯಿಸಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಆಮೇಲೂ ನಿದ್ದೆ ಬಂದರೆ ದೇಹಕ್ಕೆ ನಿದ್ದೆ ಬೇಕಾಗಿದೆ, ಮಲಗಿಬಿಡಿ. ಓದಿಗೆ ಬೆಳಗಿನ ಹೊತ್ತು ಹುಡುಕಿಕೊಳ್ಳಿ.

“ಫೋನ್ ಬಿಡೋಕೇ ಆಗ್ತಿಲ್ಲ. ಪುಸ್ತಕ ಹಿಡಿದ್ರೂ ಕೈ ಅದರ ಕಡೆಗೇ ಹೋಗುತ್ತೆ.”

ಕೈ ಹೋಗುವುದು ಅದು ಹತ್ತಿರ ಇರುವುದರಿಂದ. ಚಾರ್ಜರನ್ನು ಹಾಸಿಗೆ ಪಕ್ಕದಿಂದ ತೆಗೆದು ಅಡುಗೆಮನೆಯ ಪ್ಲಗ್ಗಿಗೆ ಹಾಕಿ. ಫೋನ್ ಇರುತ್ತಿದ್ದ ಜಾಗದಲ್ಲೇ ಪುಸ್ತಕ ಇಡಿ, ಬೇರೆ ಕಡೆ ಬೇಡ. ನಮ್ಮ ಭಾನುವಾರದ ಗುಂಪಿನಲ್ಲಿ ಆಟೋ ಓಡಿಸುವ ಒಬ್ಬರು ಇದ್ದಾರೆ. ಅವರು ಮೀಟರ್ ಪಕ್ಕದ ಫೋನ್ ಸ್ಟ್ಯಾಂಡಿನ ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಒಂದು ತೆಳು ಪುಸ್ತಕ ಸಿಕ್ಕಿಸಿದ್ದಾರೆ. ಆಟೋ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವಾಗ ಫೋನ್ ತೆಗೆಯಲು ಕೈ ಹಾಕಿದರೆ ಮೊದಲು ಪುಸ್ತಕ ತಗಲುತ್ತದೆ. ಮೂರು ತಿಂಗಳಲ್ಲಿ ನಾಲ್ಕು ಪುಸ್ತಕ ಮುಗಿಸಿದರು.

ಫೋನಿನಲ್ಲೇ ಓದಬಹುದಾ ಅಂತಲೂ ಕೇಳುತ್ತಾರೆ. ಓದಬಹುದು. ಆದರೆ ಅಭ್ಯಾಸ ಕೂರುವವರೆಗೆ ಕಾಗದದ ಪುಸ್ತಕವೇ ಇರಲಿ, ಅದರೊಳಗಿಂದ ಮೆಸೇಜ್ ಬರುವುದಿಲ್ಲ.

“ದಿನಾ ಬೆಂಗಳೂರಿಗೆ ಓಡಾಡ್ತೀನಿ. ಆ ರಶ್‌ನಲ್ಲಿ ಓದೋಕಾಗುತ್ತಾ?”

ಆಗುತ್ತದೆ. ನನ್ನ ಓದಿನ ಮುಕ್ಕಾಲು ಪಾಲು ಅಲ್ಲೇ ಆಗಿದ್ದು. ತುಮಕೂರಿನಲ್ಲಿ ಹತ್ತಿದ ಕೂಡಲೇ ಪುಸ್ತಕ ತೆಗೆಯುತ್ತಿರಲಿಲ್ಲ. ಪಾಸಿನವರೆಲ್ಲ ಜಾಗ ಹಿಡಿದು, ಕುಶಲ ವಿಚಾರಿಸಿ, ಇಸ್ಪೀಟಿನ ಗುಂಪು ಟವೆಲ್ ಹಾಸಿ ಕೂರುವಷ್ಟರಲ್ಲಿ ಕ್ಯಾತ್ಸಂದ್ರ ದಾಟಿರುತ್ತಿತ್ತು. ಅಲ್ಲಿಂದ ಚಿಕ್ಕಬಾಣಾವರದವರೆಗೆ ಓದು. ಗಡಿಯಾರ ನೋಡುತ್ತಿರಲಿಲ್ಲ, ಊರು ಬಂದಾಗ ತೆರೆಯುವುದು, ಊರು ಬಂದಾಗ ಮುಚ್ಚುವುದು.

ನಿಂತು ಓದಲು ಪುಸ್ತಕ ಒಂದೇ ಕೈಯಲ್ಲಿ ನಿಲ್ಲಬೇಕು. ಹೆಬ್ಬೆರಳು ಮತ್ತು ಕಿರುಬೆರಳು ಪುಟಗಳ ಮೇಲೆ, ಉಳಿದ ಮೂರು ಬೆರಳು ಹಿಂದೆ ರಟ್ಟಿಗೆ. 250 ಪುಟ ದಾಟಿದರೆ ಮಣಿಕಟ್ಟು ನೋಯುತ್ತದೆ, ದಪ್ಪ ಪುಸ್ತಕ ಮನೆಗೆ ಇಟ್ಟುಕೊಳ್ಳಿ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ರಟ್ಟು ಹಾಕಿದರೆ ಬೆವರಿಗೂ ತಡೆಯುತ್ತದೆ. ಬಂಗಾರಪೇಟೆ, ಮಾರಿಕುಪ್ಪಂ ಕಡೆಯ ರೈಲುಗಳಲ್ಲೂ ಇದೇ ನಡೆಯುತ್ತದೆ.

ಚಿಕ್ಕಬಳ್ಳಾಪುರದವರು ಹೆಚ್ಚಾಗಿ ಬಸ್ಸಿನವರು. ಬಸ್ಸಿನಲ್ಲಿ ಕೆಲವರಿಗೆ ತಲೆ ಸುತ್ತುತ್ತದೆ. ದೇಹ ಅಲುಗಾಡುತ್ತಿದೆ ಅಂತ ಕಿವಿಯೊಳಗಿನ ಭಾಗ ಹೇಳುತ್ತದೆ, ಕಣ್ಣಿಗೆ ಪುಟ ನಿಂತಲ್ಲೇ ನಿಂತಿರುತ್ತದೆ. ಈ ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಹಟ ಮಾಡಿ ಓದಬೇಡಿ. ಸ್ಟ್ಯಾಂಡಿನಲ್ಲಿ ಕಾಯುವ ಹತ್ತು ನಿಮಿಷ ಹಿಡಿದುಕೊಳ್ಳಿ.

“ನಾವು ರೇಷ್ಮೆ ಹುಳು ಸಾಕೋರು. ಹುಳು ಇದ್ದಾಗ ಉಸಿರಾಡೋಕೂ ಬಿಡುವಿಲ್ಲ. ದಿನಾ ಓದು ಅಂದ್ರೆ ಹೇಗೆ?”

ನನ್ನ ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟದ ಹತ್ತಿರ. ಈ ಪ್ರಶ್ನೆ ಮೊದಲು ಕೇಳಿದ್ದೂ ಅವಳೇ, ಉತ್ತರ ಕಂಡುಕೊಂಡಿದ್ದೂ ಅವಳೇ. ಬೇಸಾಯದವರ ದಿನ ಆಫೀಸಿನವರ ದಿನದ ಹಾಗೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಅವಳು ಓದನ್ನು ಗಂಟೆಗೆ ಕಟ್ಟದೆ ಹುಳುವಿಗೆ ಕಟ್ಟಿದಳು.

ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಒಂದು ದಿನದಷ್ಟು ಹೊತ್ತು ಸೊಪ್ಪು ಮುಟ್ಟುವುದಿಲ್ಲ. ಹುಳುಮನೆ ನಿಶ್ಶಬ್ದ. ಅಕ್ಕ ಮಣೆ ಹಾಕಿಕೊಂಡು ಅಲ್ಲೇ ಬಾಗಿಲಲ್ಲಿ ಕೂತು ಮೂವತ್ತು ನಲವತ್ತು ಪುಟ ಓದುತ್ತಾಳೆ. ನಾಲ್ಕನೇ ಜ್ವರ ಎದ್ದ ಮೇಲೆ ಕತೆ ಬೇರೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಆ ಒಂದೇ ವಾರದಲ್ಲಿ ಖಾಲಿಯಾಗುತ್ತದೆ. ಹುಳು ಮೇಯುವ ಸದ್ದು ಜಡಿಮಳೆ ಬಿದ್ದ ಹಾಗೆ ಕೇಳುತ್ತಿರುತ್ತದೆ. ಸೊಪ್ಪು ಕೊಯ್ದು, ಹೊತ್ತು, ಹಾಕಿ ಕೈಕಾಲು ಬೀಳುತ್ತವೆ. ಆ ವಾರ ಅವಳ ಓದು ದಿನಕ್ಕೆ ಒಂದೇ ಒಂದು ಪ್ಯಾರಾ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟ ರಾತ್ರಿ ಅದೂ ಇಲ್ಲ, ಪುಸ್ತಕ ತೆರೆದು ಗುರುತಿನ ಹಾಳೆ ಸರಿಮಾಡಿ ಮುಚ್ಚುತ್ತಾಳೆ. ಆಮೇಲೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವವರೆಗೆ ನಾಲ್ಕೈದು ದಿನ ಮತ್ತೆ ಪುಟಗಳು ಓಡುತ್ತವೆ.

ಟೊಮೆಟೊ ಬಿಡಿಸುವ ಕಾಲ, ರಾಗಿ ಕೊಯ್ಲು, ಕೊಬ್ಬರಿ ಸುಲಿಯುವ ದಿನ, ಯಾವುದಾದರೂ ಹೀಗೆಯೇ. ನಿಮ್ಮ ಬೆಳೆಯಲ್ಲಿ ಜ್ವರದ ದಿನ ಯಾವುದು ಅಂತ ನಿಮಗೇ ಗೊತ್ತಿರುತ್ತದೆ.

“ಮನೇಲಿ ಮದುವೆ ಬಂತು, ತಿಂಗಳು ಓದೇ ಇಲ್ಲ. ಮತ್ತೆ ಮೊದಲಿಂದ ಶುರು ಮಾಡ್ಬೇಕಾ?”

ಬೇಡ. ಮೊದಲಿಂದ ಅಂದರೆ ಓದಿದ್ದನ್ನೇ ಓದುವ ಬೇಜಾರು. ನಿಂತ ಕಡೆಯಿಂದ ಐದು ಪುಟ ಹಿಂದಕ್ಕೆ ಹೋಗಿ ಶುರು ಮಾಡಿ. ಅದೂ ಹಿಡಿಸದಿದ್ದರೆ ಆ ಪುಸ್ತಕ ಪಕ್ಕಕ್ಕಿಟ್ಟು ಒಂದು ಸಣ್ಣಕತೆ ಓದಿ.

“ನಲವತ್ತೈದಾಯ್ತು. ಅಕ್ಷರ ಮಂಜು ಮಂಜು. ಅದಕ್ಕೇ ಬಿಟ್ಬಿಟ್ಟೆ.”

ಚಾಳೀಸು ಬಂದಿದೆ. ಹೋಗಿ ಕಣ್ಣು ತೋರಿಸಿ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತಾ ಹೋಗುತ್ತದೆ, ಹತ್ತಿರದ್ದು ಕಾಣುವುದು ಕಷ್ಟವಾಗುತ್ತದೆ. ಎಲ್ಲರಿಗೂ ಆಗುವಂಥದ್ದೇ. ಓದುವ ಕನ್ನಡಕ ಹಾಕಿಕೊಂಡ ದಿನವೇ ಅಕ್ಷರ ಮತ್ತೆ ಎದ್ದು ಕಾಣುತ್ತದೆ. ಓದಿನಲ್ಲಿ ಆಸಕ್ತಿ ಹೋಯಿತು ಅಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ದಯವಿಟ್ಟು ತಡ ಮಾಡಬೇಡಿ.

## ಓದು ಕೂತ ಮೇಲೆ

“ಓದಿದ್ದು ಒಂದೂ ನೆನಪಿರಲ್ಲ. ಓದಿ ಏನು ಪ್ರಯೋಜನ?”

ಹೊಸದಾಗಿ ಕಲಿತದ್ದು ಮೊದಲ ದಿನವೇ ಹೆಚ್ಚು ಜಾರಿಹೋಗುತ್ತದೆ ಅಂತ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ತಡೆಯುವ ದಾರಿಯೂ ಕಷ್ಟದ್ದಲ್ಲ. ಪುಸ್ತಕ ಮುಚ್ಚಿ, ಈಗ ಓದಿದ್ದೇನು ಅಂತ ಒಂದು ಗಳಿಗೆ ನೆನೆಸಿಕೊಳ್ಳಿ. ಮತ್ತೆ ಓದುವುದಕ್ಕಿಂತ ಹೀಗೆ ನೆನೆಯುವುದರಿಂದಲೇ ಹೆಚ್ಚು ಉಳಿಯುತ್ತದೆ.

ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ದಿನಕ್ಕೆ ಒಂದೇ ಸಾಲು. ತಾರೀಕು, ಪುಟದ ನಂಬರು, ಮನಸ್ಸಿಗೆ ತಾಕಿದ ಒಂದು ಮಾತು. ಅಷ್ಟಕ್ಕೇ ನಿಲ್ಲಿಸುತ್ತೇನೆ, ಜಾಸ್ತಿ ಬರೆಯಲು ಹೋದರೆ ನೋಟ್‌ಬುಕ್ಕೇ ಭಾರವಾಗುತ್ತದೆ. ಇನ್ನೂ ಒಳ್ಳೆಯದು ಯಾರಿಗಾದರೂ ಹೇಳುವುದು. ಮನೆಯವರಿಗೆ ಊಟದ ಹೊತ್ತಿನಲ್ಲಿ ಹೇಳಿದ ಕತೆ ನನಗೆ ಇವತ್ತಿಗೂ ಮರೆತಿಲ್ಲ. ಮತ್ತೆ, ಕೆಲವು ಪುಸ್ತಕದ ಹೆಸರು, ಪಾತ್ರ ಎಲ್ಲ ಮರೆತರೂ ಮನುಷ್ಯರನ್ನು ನೋಡುವ ರೀತಿ ಬದಲಾಗಿರುತ್ತದೆ. ಅದನ್ನು ಪ್ರಯೋಜನ ಅಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

“ಇಷ್ಟವಾಗದ ಪುಸ್ತಕ ಅರ್ಧಕ್ಕೆ ಬಿಡಬಹುದಾ?”

ಬಿಡಿ. ಐವತ್ತು ಪುಟ ಅವಕಾಶ ಕೊಟ್ಟು ಬಿಡಿ. ಒಂದು ಹಿಡಿಸದ ಪುಸ್ತಕ ಕರ್ತವ್ಯದ ಹಾಗೆ ಎದುರಿಗೆ ಬಿದ್ದಿದ್ದರೆ ಓದೇ ನಿಂತುಹೋಗುತ್ತದೆ. ಐದು ವರ್ಷದ ಮೇಲೆ ಅದೇ ಪುಸ್ತಕ ಹಿಡಿಸಲೂಬಹುದು.

“ನಾನು ಕೆ.ಎ.ಎಸ್‌ಗೆ ತಯಾರಾಗ್ತಿದ್ದೀನಿ, ದಿನಾ ಎಂಟು ಗಂಟೆ ಓದ್ತೀನಿ. ಅದೂ ಓದೇ ಅಲ್ವಾ?”

ಓದೇ. ಅದರ ಶ್ರಮಕ್ಕೆ ನನಗೆ ಗೌರವ ಇದೆ. ಲೈಬ್ರರಿಗಳಲ್ಲಿ ಬೆಳಿಗ್ಗೆ ಬುತ್ತಿ ತಂದು ಸಂಜೆವರೆಗೂ ಏಳದೆ ಕೂರುವ ಹುಡುಗ ಹುಡುಗಿಯರನ್ನು ದಿನಾ ನೋಡುತ್ತೇನೆ. ಆದರೆ ಆ ಓದಿಗೆ ಒಂದು ಕೊನೆಯ ತಾರೀಕು ಇರುತ್ತದೆ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಪುಸ್ತಕ ಮುಟ್ಟದವರೂ ಇದ್ದಾರೆ. ಮಲಗುವ ಮುಂಚೆ ಎರಡು ಪುಟ ಸಿಲಬಸ್ಸಿನಲ್ಲಿ ಇಲ್ಲದ್ದು ಓದಿ. ಯಾರೂ ಪ್ರಶ್ನೆ ಕೇಳದ ಎರಡು ಪುಟ. ತಲೆಗೆ ಅದೇ ವಿಶ್ರಾಂತಿ.

“ಮಕ್ಕಳು ಪುಸ್ತಕ ಮುಟ್ಟಲ್ಲ. ಏನಾದ್ರೂ ಮಾಡಿ ಅಭ್ಯಾಸ ಮಾಡಿಸಬೇಕು.”

ನೀವು ಓದುವುದು ಮಕ್ಕಳ ಕಣ್ಣಿಗೆ ಬೀಳುತ್ತದಾ? ಮೊದಲು ಅದು. “ಓದು ಹೋಗು” ಅಂದಾಗ ಮಗುವಿಗೆ ಕೇಳಿಸುವುದು ಪಾಠದ ಪುಸ್ತಕ. ಕತೆ ಪುಸ್ತಕಕ್ಕೆ ಆ ಮಾತೇ ಬೇಡ. ರಾತ್ರಿ ಹತ್ತು ನಿಮಿಷ ನೀವೇ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಎದ್ದುಹೋಗಿ. ಪ್ರಶ್ನೆ ಕೇಳಬೇಡಿ, ನೀತಿ ಹೇಳಿಸಬೇಡಿ. ಹಳ್ಳಿಯ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಸದಸ್ಯತ್ವ ಉಚಿತ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಅದನ್ನು ಕೊಟ್ಟರು. ಕಾರ್ಡು ಮಗುವಿನ ಹೆಸರಿನಲ್ಲೇ ಮಾಡಿಸಿ, ಪುಸ್ತಕ ಮಗುವೇ ಆರಿಸಲಿ.

“ಕುಮಾರವ್ಯಾಸನ್ನ ಓದ್ಬೇಕು ಅಂತ ತುಂಬಾ ದಿನದ ಆಸೆ. ತೆಗೆದ್ರೆ ಒಂದು ಸಾಲೂ ಅರ್ಥ ಆಗಲ್ಲ.”

ಅದು ಕಣ್ಣಿಗಿಂತ ಮೊದಲು ಕಿವಿಗೆ ಬರೆದ ಕಾವ್ಯ. ನಮ್ಮ ಕಡೆ ಹಿಂದೆ ಊರಲ್ಲಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಗಮಕ ಅಂದರೆ ಅದೇ. ಮೊದಲು ಯಾರಾದರೂ ಒಳ್ಳೆಯ ಗಮಕಿಯ ದನಿಯಲ್ಲಿ ಒಂದು ಭಾಗ ಕೇಳಿ. ಆಮೇಲೆ ಅದೇ ಭಾಗ ಪುಸ್ತಕದಲ್ಲಿ ತೆರೆಯಿರಿ.

ದಿನಕ್ಕೆ ಒಂದೇ ಪದ್ಯ, ಆರು ಸಾಲು. ಮೊದಲು ಸುಮ್ನೆ ಗಟ್ಟಿಯಾಗಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಸಂಧಿ ಬಿಡಿಸಿ, ಪದ ಎಲ್ಲಿ ಮುಗಿಯುತ್ತದೋ ಅಲ್ಲಿ ಗೀಟು ಹಾಕಿ. ಅರ್ಧ ಕಷ್ಟ ಇರುವುದು ಪದಗಳು ಒಂದಕ್ಕೊಂದು ಅಂಟಿಕೊಂಡಿರುವುದರಲ್ಲಿ. ಮೂರನೇ ಸಲ ಗದ್ಯದ ಅರ್ಥ ನೋಡಿ, ಕೊನೆಗೆ ಮತ್ತೆ ಗಟ್ಟಿಯಾಗಿ. ಹತ್ತು ನಿಮಿಷ ಸಾಕು. ನನಗೆ ಹೀಗೆ ಒಂದು ಪರ್ವ ಮುಗಿಸಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆ ವರ್ಷದ ಬೆಳಗುಗಳು ನನಗೆ ಇನ್ನೂ ನೆನಪಿವೆ.

“ನಮ್ಮೂರಲ್ಲೂ ನಾಲ್ಕು ಜನ ಸೇರಿ ಓದ್ಬೇಕು. ಹೇಗೆ ನಡೆಸೋದು?”

ನಾಲ್ಕು ಜನ ಸಾಕು. ಅಧ್ಯಕ್ಷರು, ಬ್ಯಾನರು, ಮೈಕು ಯಾವುದೂ ಬೇಡ. ದಿನ, ಜಾಗ, ಹೊತ್ತು ಬದಲಾಯಿಸಬೇಡಿ. ಇಬ್ಬರೇ ಬಂದರೂ ನಡೆಸಿ. “ಮನೆಯಲ್ಲಿ ಓದಿಕೊಂಡು ಬನ್ನಿ, ಚರ್ಚೆ ಮಾಡೋಣ” ಅಂದರೆ ಓದಿರದವರು ಬರಲು ಹಿಂಜರಿಯುತ್ತಾರೆ. ಅದರ ಬದಲು ಅಲ್ಲೇ ಓದಿ. ಒಬ್ಬರಾದ ಮೇಲೆ ಒಬ್ಬರು ಎರಡೆರಡು ಪುಟ ಗಟ್ಟಿಯಾಗಿ ಓದುವುದು, ಮುಕ್ಕಾಲು ಗಂಟೆ. ಆಮೇಲೆ ಟೀ, ಆಮೇಲೆ ಮಾತು. ಓದಲು ಇಷ್ಟವಿಲ್ಲದವರು ಸುಮ್ನೆ ಕೇಳಲಿ.

ನಮ್ಮ ಗುಂಪಿಗೆ ಪಕ್ಕದ ಮನೆಯ ಅಜ್ಜಿ ಬರುತ್ತಾರೆ. ಅವರಿಗೆ ಅಕ್ಷರ ಬರುವುದಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಾರೆ, ನಿದ್ದೆ ಮಾಡ್ತಿದ್ದಾರೇನೋ ಅನ್ನಿಸುತ್ತದೆ. ಹೋದ ತಿಂಗಳು ಪುಸ್ತಕದ ಗುರುತಿನ ಹಾಳೆ ಎಲ್ಲೋ ಬಿದ್ದುಹೋಗಿತ್ತು, ಎಲ್ಲಿ ನಿಲ್ಲಿಸಿದ್ದೆವು ಅಂತ ನಾವು ಪುಟ ತಿರುವುತ್ತಿದ್ದೆವು. ಅಜ್ಜಿ ಕಣ್ಣು ತೆರೆಯದೆ ಹೇಳಿದರು: “ಆ ಹುಡುಗಿ ಬಾವಿ ಕಟ್ಟೆ ಮೇಲೆ ಕೊಡ ಇಟ್ಟು ತಿರುಗಿ ನೋಡಿದ್ಲು. ಅಲ್ಲಿಂದ ಓದಿ.”